ಜೀಬ್ರಾ ಮೀನಿನ ಹೊಸ ತಳಿ ಕಟ್ಟಿದ ನನ್ನ ಅನುಭವ

ನರಕೋಶ ಕೆಲಸ ಮಾಡುವಾಗ ಹಸಿರಾಗಿ ಹೊಳೆಯುವ ಜೀಬ್ರಾ ಮೀನಿನ ತಳಿ ನಮ್ಮ ಲ್ಯಾಬಿಗೆ ಬೇಕಿತ್ತು. ಅದನ್ನು ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಮೊಟ್ಟೆಗೆ ಇಂಜೆಕ್ಷನ್ ಮಾಡೋದು ಕಲಿತರೆ ಮುಗೀತು ಅಂತ ಹೊಸಬರು ಅಂದುಕೊಳ್ಳುತ್ತಾರೆ. ನಿಜವಾದ ಕೆಲಸ ಇರುವುದು ಆಮೇಲೆ, ಮೀನು ಆರಿಸುವುದರಲ್ಲಿ.

ನಾನು ಬಳಸಿದ್ದು ಟಾಲ್2. ಇದು ಜಪಾನಿನ ಮೆಡಾಕಾ ಮೀನಿನಲ್ಲಿ ಸಿಕ್ಕ, ಜಾಗ ಬದಲಿಸುವ ಡಿಎನ್‌ಎ ತುಣುಕು. ಇದರ ಎರಡು ತುದಿಗಳ ನಡುವೆ ಬೇಕಾದ ಜೀನ್ ಇಟ್ಟರೆ, ಟ್ರಾನ್ಸ್‌ಪೊಸೇಸ್ ಎಂಬ ಕಿಣ್ವ ಅದನ್ನು ಪ್ಲಾಸ್ಮಿಡ್‌ನಿಂದ (ಜೀನ್ ಹೊತ್ತೊಯ್ಯುವ ಉಂಗುರದಂಥ ಡಿಎನ್‌ಎ) ಕತ್ತರಿಸಿ ಮೀನಿನ ಡಿಎನ್‌ಎಗೆ ಸೇರಿಸುತ್ತದೆ. ನರಕೋಶದ ಹಸಿರಿಗೆ ಜಿಕ್ಯಾಂಪ್ ಇಟ್ಟೆ; ಕೋಶ ಕೆಲಸ ಮಾಡುವಾಗ ಒಳಗೆ ಕ್ಯಾಲ್ಸಿಯಂ ಏರಿದರೆ ಹಸಿರಾಗಿ ಹೊಳೆಯುವ ಪ್ರೋಟೀನಿನ ಜೀನ್ ಇದು. ಅದೇ ತುಣುಕಿನೊಳಗೆ ಹೃದಯವನ್ನು ಕೆಂಪಾಗಿಸುವ ಗುರುತನ್ನೂ ಸೇರಿಸಿದೆ. ಈ ಗುರುತನ್ನು ಮಾತ್ರ ಯಾರೂ ಬಿಡಬೇಡಿ.

ಹಿಂದಿನ ಸಂಜೆ ಗಂಡು, ಹೆಣ್ಣಿನ ನಡುವೆ ತಡೆ ಇಟ್ಟು ಒಂದೇ ತೊಟ್ಟಿಯಲ್ಲಿ ಬಿಡುತ್ತೇನೆ. ಬೆಳಿಗ್ಗೆ ಲೈಟ್ ಹತ್ತಿದ ಮೇಲೆ ತಡೆ ತೆಗೆದರೆ ಸ್ವಲ್ಪ ಹೊತ್ತಿಗೇ ಮೊಟ್ಟೆ ಇಡುತ್ತವೆ. ಆಮೇಲೆ ತಡ ಮಾಡುವಂತಿಲ್ಲ. ಸುಮಾರು 45 ನಿಮಿಷಕ್ಕೆ ಒಂದು ಕೋಶ ಎರಡಾಗುತ್ತದೆ, ಅಷ್ಟರೊಳಗೆ ಚುಚ್ಚಬೇಕು. ಅದಕ್ಕೇ ಗಾಜಿನ ಸೂಜಿಯನ್ನು ಮೊದಲೇ ಸಿದ್ಧ ಮಾಡಿ, ಒಂದು ಹನಿಯನ್ನು ಮಿನರಲ್ ಆಯಿಲ್‌ಗೆ ಬಿಟ್ಟು ಅಳೆದಿರುತ್ತೇನೆ. ಹನಿಯ ಅಗಲ 0.125 ಮಿ.ಮೀ. ಇದ್ದರೆ ಅದು ಒಂದು ನ್ಯಾನೋಲೀಟರ್. ಪ್ಲಾಸ್ಮಿಡ್ ಜೊತೆ, ಟ್ರಾನ್ಸ್‌ಪೊಸೇಸ್ ತಯಾರಾಗಲು ಬೇಕಾದ ಆರ್‌ಎನ್‌ಎ ಕೂಡ ಇದೇ ಹನಿಯಲ್ಲಿ ಹೋಗುತ್ತದೆ. ಹನಿ ಕಾಣಲಿ ಅಂತ ಫಿನಾಲ್ ರೆಡ್ ಎಂಬ ಬಣ್ಣ ಬೆರೆಸುತ್ತೇನೆ.

ಚುಚ್ಚಿದ ಮರಿಗಳಲ್ಲಿ ಹಸಿರು ಅಲ್ಲಲ್ಲಿ ಚುಕ್ಕೆಯಾಗಿ ಕಾಣುತ್ತದೆ. ಎಲ್ಲ ಕೋಶಕ್ಕೂ ಜೀನ್ ಸೇರಿರುವುದಿಲ್ಲ. ಅವು ದೊಡ್ಡವಾಗಲು ಮೂರು ತಿಂಗಳು ಬೇಕು. ಆಮೇಲೆ ಒಂದೊಂದನ್ನೂ ಮಾಮೂಲಿ ಮೀನಿನ ಜೊತೆ ಕೂಡಿಸಿ, ಎರಡು ದಿನದ ಮರಿಗಳನ್ನು ಸೂಕ್ಷ್ಮದರ್ಶಕದಡಿ ನೋಡಬೇಕು. ಕಣ್ಣಿನ ಹಿಂದೆ, ಹಳದಿ ಚೀಲದ ಪಕ್ಕ ಕೆಂಪು ಚುಕ್ಕೆ ಮಿಡಿಯುತ್ತಿದ್ದರೆ ಜೀನ್ ಮುಂದಿನ ತಲೆಮಾರಿಗೆ ದಾಟಿದೆ. ಎಷ್ಟೋ ಮರಿಗಳಲ್ಲಿ ಒಂದೆರಡರಲ್ಲೇ ಕಂಡರೂ ಚುಚ್ಚಿ ಬೆಳೆಸಿದ ಆ ಮೀನನ್ನು ಬಿಡಬಾರದು. ಅದರ ಅಂಡಾಶಯ ಅಥವಾ ವೃಷಣದಲ್ಲೂ ಜೀನ್ ಇರುವ ಕೋಶ, ಇಲ್ಲದ ಕೋಶ ಬೆರೆತಿರುತ್ತವೆ, ಅಲ್ವಾ?

ತುಂಬ ಹೊಳೆಯುವ ಮರಿಯ ಮೇಲೇ ಎಲ್ಲರ ಕಣ್ಣು ಹೋಗುತ್ತದೆ. ನಾನು ಅದನ್ನು ಸುಮ್ನೆ ಆರಿಸುವುದಿಲ್ಲ. ಜಾಸ್ತಿ ಹೊಳಪು ಅಂದರೆ ಸಾಮಾನ್ಯವಾಗಿ ಜೀನ್ ಹಲವು ಕಡೆ ಸೇರಿರುತ್ತದೆ. ಮುಂದಿನ ಮರಿಗಳಲ್ಲಿ ಅವು ಹಂಚಿಹೋಗಿ, ಒಂದೊಂದು ಮರಿಯ ಹೊಳಪೂ ಬೇರೆಯಾಗುತ್ತದೆ. ಆಗ ಅಳತೆ ಹೋಲಿಸುವುದು ಹೇಗೆ? ಅದಕ್ಕೇ ಕೆಂಪು ಹೃದಯದ ಮರಿಗಳು ಬೆಳೆದ ಮೇಲೆ ಅವನ್ನೂ ಒಂದೊಂದಾಗಿ ಮತ್ತೆ ಮಾಮೂಲಿ ಮೀನಿನ ಜೊತೆ ಕೂಡಿಸುತ್ತೇನೆ. ಸರಿಯಾಗಿ ಅರ್ಧದಷ್ಟು ಮರಿಗಳಿಗೆ ಕೆಂಪು ಹೃದಯ ಬಂದರೆ ಜೀನ್ ಒಂದೇ ಕಡೆ ಇದೆ ಅಂತ ಲೆಕ್ಕ. ಮುಕ್ಕಾಲು ಪಾಲು ಬಂದರೆ ಎರಡು ಕಡೆ.

ಜೀನ್ ಎಲ್ಲಿ ಹೋಗಿ ಕೂರುತ್ತದೆ ಅನ್ನುವುದು ಟಾಲ್2ನಲ್ಲಿ ನಮ್ಮ ಕೈಲಿಲ್ಲ. ಕೂತ ಜಾಗದಿಂದಲೇ ಫಲಿತಾಂಶ ಬದಲಾಗಿರಬಹುದು. ಅದಕ್ಕೇ ಬೇರೆ ಬೇರೆ ಮೂಲ ಮೀನಿನಿಂದ ಬಂದ ಎರಡು ತಳಿಗಳನ್ನು ಇಟ್ಟುಕೊಂಡಿದ್ದೇನೆ. ಎರಡರಲ್ಲೂ ಒಂದೇ ಫಲಿತಾಂಶ ಬಂದ ಮೇಲೆಯೇ ಉಳಿದವರಿಗೆ ಮರಿಗಳನ್ನು ಕೊಡುತ್ತೇನೆ.