ಅಲ್ಯೂಮಿನಿಯಂ–ಗಾಳಿ ಬ್ಯಾಟರಿಗೆ ಮಿಶ್ರಲೋಹದ ಆನೋಡ್ ಎರಕ ಹೊಯ್ಯುವುದು

ಈ ಬ್ಯಾಟರಿಯಲ್ಲಿ ಆನೋಡ್ ಎಂದರೆ ಕ್ಷಾರದ ದ್ರಾವಣದಲ್ಲಿ ಮುಳುಗಿ, ಸವೆಯುತ್ತ ಕರೆಂಟು ಕೊಡುವ ಅಲ್ಯೂಮಿನಿಯಂ ತಗಡು. ಲೆಕ್ಕದ ಪ್ರಕಾರ ಒಂದು ಗ್ರಾಂ ಅಲ್ಯೂಮಿನಿಯಂ 2.98 ಆಂಪಿಯರ್-ಗಂಟೆ (ಅಂದರೆ ಒಂದು ಗಂಟೆ ಕಾಲ 2.98 ಆಂಪಿಯರ್ ಕರೆಂಟು) ಕೊಡಬೇಕು. ಅಷ್ಟು ಸಿಗುವುದಿಲ್ಲ. ಕ್ಷಾರದಲ್ಲಿ ಲೋಹ ತಾನಾಗಿಯೂ ಕರಗಿ ಹೈಡ್ರೋಜನ್ ಬಿಡುತ್ತದೆ, ಅದರಲ್ಲೂ ಕಬ್ಬಿಣದ ಕಲ್ಮಶ ಇರುವ ಕಡೆ ಹೆಚ್ಚು. ಹಾಗಾಗಿ ಹಳೆಯ ಪಾತ್ರೆ, ಕ್ಯಾನ್ ಕರಗಿಸುವ ಯೋಚನೆ ಬಿಡಿ, 99.99% ಶುದ್ಧ ಲೋಹದಿಂದಲೇ ಶುರು ಮಾಡಿ.

100 ಗ್ರಾಂ ಎರಕಕ್ಕೆ: ಅಲ್ಯೂಮಿನಿಯಂ 98.85, ಮೆಗ್ನೀಸಿಯಂ 1, ತವರ 0.1, ಗ್ಯಾಲಿಯಂ 0.05 ಗ್ರಾಂ. ತವರ, ಗ್ಯಾಲಿಯಂ ಎರಡೂ ಮೇಲಿನ ಆಕ್ಸೈಡ್ ಪದರವನ್ನು ಒಡೆದು ಲೋಹವನ್ನು ಚುರುಕಾಗಿಸುತ್ತವೆ. ಗ್ಯಾಲಿಯಂ ಹೆಚ್ಚಾದರೆ ಹರಳುಗಳ ಅಂಚಿಗೆ ಇಳಿದು ತಗಡು ಮುರುಕಲಾಗುತ್ತದೆ.

ಗ್ರ್ಯಾಫೈಟ್ ಮೂಸೆಯಲ್ಲಿ, ಲೋಹದ ಜೊತೆ ವರ್ತಿಸದ ಆರ್ಗಾನ್ ಅನಿಲ ಹಾಯಿಸುತ್ತ 740 ಡಿಗ್ರಿ ಸೆಲ್ಸಿಯಸ್‌ಗೆ ಕರಗಿಸಿ. ಮೊದಲು ತವರ, ಆಮೇಲೆ ಗ್ಯಾಲಿಯಂ. ಇದು 30 ಡಿಗ್ರಿಗೇ ನೀರಾಗುವುದರಿಂದ ತಣ್ಣಗಿಟ್ಟು ಗಟ್ಟಿ ತುಂಡಾಗಿಯೇ ಹಾಕಿ. ಮೆಗ್ನೀಸಿಯಂ ತೇಲಿ ಉರಿದುಹೋಗುವ ಜಾತಿ. ಗ್ರ್ಯಾಫೈಟ್ ಕಡ್ಡಿಯಿಂದ ಒಳಗೆ ಅದುಮಿ ಹಿಡಿಯಬೇಕು. ಅಡುಗೆಮನೆಯ ಫಾಯಿಲ್‌ನಲ್ಲಿ ಸುತ್ತಿ ಮುಳುಗಿಸಬೇಡಿ, ಅದರಲ್ಲೂ ಕಬ್ಬಿಣವಿದೆ. ಕಲಕಲು ಉಕ್ಕಿನ ಸರಳೂ ಬೇಡ. ಅಚ್ಚನ್ನು 200 ಡಿಗ್ರಿಗೆ ಕಾಯಿಸಿ ಹೊಯ್ಯಿರಿ: ತೇವ ಉಳಿದಿದ್ದರೆ ಕರಗಿದ ಲೋಹ ಸಿಡಿಯುತ್ತದೆ.

ಎರಕವನ್ನು 500 ಡಿಗ್ರಿಯಲ್ಲಿ ಕೆಲವು ಗಂಟೆ ಇಟ್ಟು ನೀರಿಗೆ ಹಾಕಿ ತಣಿಸಿ. ನಿಧಾನವಾಗಿ ಆರಿದರೆ ತವರ ಅಲ್ಲಲ್ಲಿ ಗುಂಪುಗೂಡಿ ಲೋಹ ಗುಳಿಗುಳಿಯಾಗಿ ಸವೆಯುತ್ತದೆ.

ದ್ರಾವಣ 4 ಮೋಲಾರ್ ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಮಾರುಕಟ್ಟೆಯ ಹರಳು ಸುಮಾರು 85% ಶುದ್ಧವಾದ್ದರಿಂದ ಲೀಟರಿಗೆ 264 ಗ್ರಾಂ ಬೇಕು. ನೀರಿಗೆ ಹರಳನ್ನು ಸ್ವಲ್ಪಸ್ವಲ್ಪವಾಗಿ ಹಾಕಿ, ತಿರುಗುಮುರುಗಾಗಿ ಅಲ್ಲ. ಕನ್ನಡಕ, ಕೈಗವಸು ಕಡ್ಡಾಯ. ಲೀಟರಿಗೆ 16 ಗ್ರಾಂ ಸತುವಿನ ಆಕ್ಸೈಡ್ ಕರಗಿಸಿದರೆ ಆನೋಡ್ ಮೇಲೆ ಸತು ಕೂತು ಅನಿಲ ತಗ್ಗುತ್ತದೆ. ತಾಮ್ರದ ತಂತಿಯ ಬೆಸುಗೆ ದ್ರಾವಣದ ಮಟ್ಟಕ್ಕಿಂತ ಮೇಲಿರಲಿ. ಮುಳುಗಿದರೆ ತಾಮ್ರವೇ ಹೈಡ್ರೋಜನ್ ಬಿಡುವ ತಾಣವಾಗುತ್ತದೆ.

ಪರೀಕ್ಷೆಗೆ ತೂಕದ ತಕ್ಕಡಿ ಸಾಕು. 1 ಆಂಪಿಯರ್ ಒಂದು ಗಂಟೆ ಹರಿದರೆ 0.336 ಗ್ರಾಂ ಮಾತ್ರ ಸವೆಯಬೇಕು. ತೊಳೆದು ಒಣಗಿಸಿ ತೂಗಿದಾಗ 0.40 ಗ್ರಾಂ ಕಳೆದಿದ್ದರೆ ದಕ್ಷತೆ 84%. ಕಡಿಮೆ ಕರೆಂಟಿನಲ್ಲಿ ಈ ಅಂಕಿ ಇನ್ನೂ ಕೆಳಗಿಳಿಯುತ್ತದೆ, ಯಾಕೆಂದರೆ ಲೋಹ ತಾನಾಗಿ ಕರಗುವುದು ತನ್ನ ಪಾಡಿಗೆ ನಡೆಯುತ್ತಲೇ ಇರುತ್ತದೆ. ಬಳಸದಾಗ ದ್ರಾವಣದಿಂದ ತಗಡನ್ನು ಎತ್ತಿಡಿ. ಹಾಗೇ ಬಿಟ್ಟರೆ ಕರಗುವ ಪ್ರತಿ ಗ್ರಾಮಿಗೂ ಲೀಟರಿಗೂ ಮೀರಿ ಹೈಡ್ರೋಜನ್ ಹೊರಬರುತ್ತದೆ. ಮುಚ್ಚಿದ ಕೋಣೆಯಲ್ಲಿ, ಕಿಡಿ ಹಾರುವ ಕಡೆ ಈ ಕೆಲಸ ಬೇಡ.