ಒಂದು ಕಿವಿ ಮಂದ ಇರುವವರಿಗೆ ಟ್ಯಾಬ್ ಹೊಂದಿಸುವಾಗ
ಮೊದಲ ಕೆಲಸ, ಮೋನೋ ಆಡಿಯೋ (ಎಡಕ್ಕೂ ಬಲಕ್ಕೂ ಒಂದೇ ಶಬ್ದ ಕಳಿಸುವ ಸೌಲಭ್ಯ) ಆನ್ ಮಾಡುವುದು. ಐಪ್ಯಾಡ್‌ನಲ್ಲಿ ಸೆಟ್ಟಿಂಗ್ಸ್ → ಆಕ್ಸೆಸಿಬಿಲಿಟಿ → ಆಡಿಯೋ ಅಂಡ್ ವಿಷುವಲ್ ಒಳಗಿದೆ. ಆಂಡ್ರಾಯ್ಡ್‌ನಲ್ಲೂ ಆಕ್ಸೆಸಿಬಿಲಿಟಿಯಲ್ಲೇ ಇದೆ, ಆದರೆ ಕಂಪನಿಗೊಂದು ಜಾಗ. ಸೆಟ್ಟಿಂಗ್ಸ್‌ನ ಸರ್ಚ್‌ನಲ್ಲಿ ‘ಮೋನೋ’ ಅಂತ ಇಂಗ್ಲಿಷಿನಲ್ಲಿ ಹೊಡೆದರೆ ಬೇಗ ಸಿಗುತ್ತದೆ.

ಬಹಳ ಜನ ಇದನ್ನು ಬಿಟ್ಟು ಎಡ-ಬಲದ ಶಬ್ದ ಹೆಚ್ಚುಕಡಿಮೆ ಮಾಡುವ ಬ್ಯಾಲೆನ್ಸ್ ಸ್ಲೈಡರನ್ನಷ್ಟೇ ಚೆನ್ನಾಗಿ ಕೇಳುವ ಕಿವಿಯ ಕಡೆಗೆ ಎಳೆಯುತ್ತಾರೆ. ಅಲ್ಲೇ ಎಡವಟ್ಟು. ಸ್ಟೀರಿಯೋದಲ್ಲಿ ಎಡಕ್ಕೂ ಬಲಕ್ಕೂ ಬೇರೆ ಬೇರೆ ಶಬ್ದ ಹೋಗುತ್ತದೆ. ಸ್ಲೈಡರ್ ಪೂರ್ತಿ ಬಲಕ್ಕೆ ತಳ್ಳಿದರೆ ಎಡದ ಶಬ್ದ ಬಲಕ್ಕೆ ಬರುವುದಿಲ್ಲ, ಮಾಯವಾಗುತ್ತದೆ. ಸಂಗೀತ ಕಚೇರಿಯ ರೆಕಾರ್ಡಿಂಗ್‌ನಲ್ಲಿ ಪಿಟೀಲು ಎಡಕ್ಕಿದ್ದರೆ ಪಿಟೀಲೇ ಇಲ್ಲ! ಮೋನೋ ಎರಡನ್ನೂ ಬೆರೆಸುತ್ತದೆ. ಬ್ಯಾಲೆನ್ಸ್ ಮುಟ್ಟುವುದು ಆಮೇಲೆ.

ಎದುರಿನವರ ಮಾತನ್ನು ಓದಿಕೊಳ್ಳಲು ಆಂಡ್ರಾಯ್ಡ್‌ನಲ್ಲಿ ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್ ಇದೆ, ಕನ್ನಡಕ್ಕೂ ಆಗುತ್ತದೆ. ಭಾಷೆ ಇಂಗ್ಲಿಷ್‌ನಲ್ಲೇ ಉಳಿದಿದ್ದರೆ ‘ಊಟ ಆಯ್ತಾ’ ಅಂದದ್ದು ಏನೇನೋ ಇಂಗ್ಲಿಷ್ ಆಗಿ ಮೂಡುತ್ತದೆ. ಆಪ್‌ನ ಸೆಟ್ಟಿಂಗ್ಸ್‌ನಲ್ಲಿ ಕನ್ನಡಕ್ಕೆ ಬದಲಿಸಿ, ಅಕ್ಷರವನ್ನೂ ದೊಡ್ಡದು ಮಾಡಿ. ಮೈಕ್‌ನ ಸಣ್ಣ ತೂತಿಗೆ ಕವರ್ ಅಡ್ಡ ಬಂದಿದೆಯಾ ನೋಡಿ. ಟ್ಯಾಬ್ ಮಾತಾಡುವವರ ಹತ್ತಿರವೇ ಇರಲಿ. ಮಿಕ್ಸಿ ಓಡುತ್ತಿದ್ದರೆ, ಇಬ್ಬರು ಒಟ್ಟಿಗೆ ಮಾತಾಡಿದರೆ ಕಲಸುಮೇಲೋಗರ.