ಹಂಡೆ ನೀರು, ಸುತ್ತಿಗೆ ಮತ್ತು ಕಾಕಾನ ಜೀಪು

ಹೋದ ವಾರ ಜಾಂಬೋಟಿ ದಾಟಿ ಕಣಕುಂಬಿ ತನಕ ಹೋಗಿ ಬಂದೆ. ಜೀಪಿನ ಶ್ಯಾಕಲ್, ಅಂದರೆ ಪಟ್ಟಿ ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ, ಒಂದು ಸಲವೂ ಕಿರುಗುಟ್ಟಲಿಲ್ಲ. ಅದಕ್ಕೇ, ಅದರಲ್ಲಿ ಗಟ್ಟಿಯಾಗಿ ಕೂತ ಹಳೆ ಗ್ರೀಸು ಬಿಡಿಸಿದ ಕಥೆ ಈಗ ಬರೆಯುತ್ತಿದ್ದೇನೆ. ಮೊದಲೇ ಬರೆದಿದ್ದರೆ ನೀವೂ ನಗುತ್ತಿದ್ದಿರಿ.

ಗಾಡಿ ನಮ್ಮ ಕಾಕಾನದ್ದು. 1964ರ ಮಹೀಂದ್ರ ಸಿಜೆ3ಬಿ, ಎತ್ತರದ ಬಾನೆಟ್ಟಿನದು. ಖಾನಾಪುರ ಕಡೆಯ ತೋಟದಲ್ಲಿ ಹದಿನೈದು ಮಳೆಗಾಲ ನಿಂತಿತ್ತು. ಇಂಜಿನ್ ಎರಡೇ ದಿನಕ್ಕೆ ಎದ್ದಿತು. ಚಾಸಿ ಮಾತ್ರ ಒಂಬತ್ತು ತಿಂಗಳು ಸತಾಯಿಸಿತು. ಶ್ಯಾಕಲ್‌ದು ಎಂಟು, ಸ್ಪ್ರಿಂಗಿನ ಇನ್ನೊಂದು ತುದಿಯ ಪಿವಟ್ ಬೋಲ್ಟಿನದು ನಾಲ್ಕು, ಒಟ್ಟು ಹನ್ನೆರಡು ನಿಪ್ಪಲ್, ಅಂದರೆ ಗ್ರೀಸು ತುಂಬುವ ಸಣ್ಣ ಮೂತಿ. ಐದರಲ್ಲಿ ಗ್ರೀಸ್ ಹೋಯಿತು. ಉಳಿದ ಏಳರಲ್ಲಿ ಹಳೆ ಗ್ರೀಸು ಕಿವಿಯ ಗುಗ್ಗೆ ಹಾಗೆ ಗಟ್ಟಿಯಾಗಿ ಕೂತಿತ್ತು.

ಮಿಸ್ತ್ರಿ ಕೆಳಗೆ ತೂರಿ ನೋಡಿ, "ಸಾಹೇಬ್ರ, ಇದು ಗ್ರೀಸಿಗೆ ಬಗ್ಗೂದಿಲ್ರಿ. ಗ್ಯಾಸ್ ಕಟಿಂಗ್ ಮಾಡಿ ಎಲ್ಲಾ ಹೊಸಾದ ಹಾಕ್ಬೇಕ್ರಿ" ಅಂದ. ಲೆಕ್ಕ ಹದಿನಾಲ್ಕು ಸಾವಿರದ ಹತ್ತಿರ ಬಂತು. ಡ್ರೈವರ್ ಸೀಟಿನ ಕೆಳಗೇ ಪೆಟ್ರೋಲ್ ಟ್ಯಾಂಕ್ ಇರುವ ಗಾಡಿಗೆ ಬೆಂಕಿಯಿಂದ ಕಬ್ಬಿಣ ಕತ್ತರಿಸುವ ಗ್ಯಾಸ್ ಕಟಿಂಗ್! ಬೇಡಪ್ಪಾ ಅಂದೆ.

ಮೊದಲು ತಂದ ಗ್ರೀಸ್ ಗನ್ನು, ನಿಪ್ಪಲ್ಲಿಗೆ ಗ್ರೀಸು ಒತ್ತುವ ಕೈಪಂಪು, ನಾನೂರೈವತ್ತು ರೂಪಾಯಿಯದ್ದು. ಗ್ರೀಸು ನಿಪ್ಪಲ್ಲಿಗೆ ಹೋಗುವುದಕ್ಕಿಂತ ನನ್ನ ಮೊಣಕೈಗೆ ಜಾಸ್ತಿ ಬಂತು. ಎರಡನೆಯದಕ್ಕೆ ಸಾವಿರದ ಮುನ್ನೂರು ಕೊಟ್ಟೆ. ಅದು ಚೆನ್ನಾಗಿದೆ. ಆದರೆ ಒಂದು ಹಳೆ ನಿಪ್ಪಲ್ ಮುರಿದಾಗ ಅಂಗಡಿಯಲ್ಲಿ ಸಿಕ್ಕ ಆರು ಮಿಲಿಮೀಟರಿನದು ಹಾಕಿಬಿಟ್ಟೆ. ಕಾಲಿಂಚಿನ ಥ್ರೆಡ್ಡಿನಲ್ಲಿ ಅದು ಕೂತಂತೆ ಕಾಣುತ್ತದೆ, ಅಷ್ಟೇ. ನಾಲ್ಕನೇ ಪಂಪಿಗೆ ಗುಂಡಿನ ಹಾಗೆ ಹಾರಿ ಶೆಡ್ಡಿನ ಪತ್ರಾಸಿಗೆ ಬಡಿಯಿತು. ಕಣ್ಣಿಗೆ ಬಡಿಯಲಿಲ್ಲ, ಪುಣ್ಯ. ಅಂದಿನಿಂದ ಕನ್ನಡಕ ಇಲ್ಲದೆ ಕೆಳಗೆ ಮಲಗುವುದಿಲ್ಲ.

ಕೆಲಸ ಆದದ್ದು ಹೀಗೆ. ಬೆಳಗಾವಿಯ ಉದ್ಯಮಬಾಗದ ಒಂದು ಲೇತಿನಲ್ಲಿ ಬೆರಳುದ್ದದ ನಳಿಗೆ ಮಾಡಿಸಿದೆ. ಅದರೊಳಗೆ ಪೆನ್ಸಿಲ್ ದಪ್ಪದ ರಾಡು ಬಿಗಿಯಾಗಿ ಜಾರಬೇಕು. ಮುಂದೆ ಹಳೆ ಗನ್ನಿನ ಬಾಯಿ. ಮಜೂರಿ ಇನ್ನೂರೈವತ್ತು. ಲೇತಿನವನು, "ಏನ್ರೀ ಇದು, ಪಟಾಕಿ ಹೊಡಿಯೂದೇನ್ರಿ?" ಅಂದ. ನಳಿಗೆಯಲ್ಲಿ ಡೀಸೆಲ್ ತುಂಬಿ, ನಿಪ್ಪಲ್ಲಿಗೆ ಸಿಕ್ಕಿಸಿ, ರಾಡಿನ ತಲೆಗೆ ಸುತ್ತಿಗೆಯಿಂದ ಒಂದು ಏಟು. ಗನ್ನಿಗೆ ಜಗ್ಗದ್ದು ಈ ಏಟಿಗೆ ಜಗ್ಗಿತು. ಬರೀ ಡೀಸೆಲ್ ಅಲ್ಲ, ಜೊತೆಗೆ ಇನ್ನೊಂದು ಸೇರಿಸುತ್ತೇನೆ. ಅದು ಏನು, ಎಷ್ಟು ಅನ್ನುವುದು ನನ್ನ ಹತ್ತಿರವೇ ಇರಲಿ. ಮೂರು ಡಬ್ಬಿ ಹಾಳುಮಾಡಿ ಕಂಡುಕೊಂಡದ್ದು.

ಮೊದಲ ದಿನ ಎರಡೇ ಬುಶ್, ಅಂದರೆ ಶ್ಯಾಕಲ್ಲಿನ ಕಾಲು ಕೂರುವ ಥ್ರೆಡ್ಡಿನ ಟೊಪ್ಪಿ, ಬಿಟ್ಟವು. ಉಳಿದವಕ್ಕೆ ಶಾಖ ಬೇಕಿತ್ತು, ಬೆಂಕಿ ಹಚ್ಚುವ ಹಾಗಿಲ್ಲ. ಸ್ನಾನದ ಹಂಡೆಯ ನೀರು ಕುದಿಸಿ, ಶ್ಯಾಕಲ್ಲಿಗೆ ಗೋಣಿಚೀಲ ಸುತ್ತಿ, ಹತ್ತು ನಿಮಿಷ ತಂಬಿಗೆಯಿಂದ ಸುರಿದೆ. "ಜೀಪಿಗೆ ಎಣ್ಣಿ ಹಚ್ಚಿ ಎರಿಯಾಕತ್ತೀಯೇನೋ?" ಅಂದಳು ಅವ್ವ. ಆಮೇಲೆ ಏಟು. ಒಂಬತ್ತೋ ಹತ್ತೋ ಏಟಿಗೆ ಬುಶ್ಶಿನ ಬಾಯಲ್ಲಿ ಮೊದಲು ಕಂದು ನೀರು, ಆಮೇಲೆ ಕರಿ ದಾರದ ಹಾಗೆ ಹಳೆ ಗ್ರೀಸು ಸುರುಳಿ ಸುತ್ತಿ ಹೊರಬಂತು. ಅದನ್ನು ನೋಡಲು ಅವ್ವನನ್ನೂ ಕರೆದೆ. ಅವಳು ಬರಲಿಲ್ಲ.

ಬುಶ್ಶು ಬಾಯಿ ಬಿಟ್ಟ ಮೇಲೆ ಚಾಸಿಯನ್ನು ಜಾಕಿಗೆ ಎತ್ತಿ, ಚಕ್ರ ನೇತಾಡಲು ಬಿಟ್ಟು, ಹೊಸ ಗ್ರೀಸು ಹೊಡೆಯಿರಿ. ಭಾರ ಇದ್ದರೆ ಥ್ರೆಡ್ಡು ಒಂದೇ ಮಗ್ಗುಲಿಗೆ ಒತ್ತಿರುತ್ತದೆ, ಅತ್ತ ಕಡೆ ಗ್ರೀಸು ಹೋಗುವುದೇ ಇಲ್ಲ. ಎಪಿ-3 ಅನ್ನುವ ಗಟ್ಟಿ ಗ್ರೀಸು ನಮ್ಮ ಚಳಿಗಾಲದ ಬೆಳಿಗ್ಗೆ ಕೈಗನ್ನಿನಲ್ಲಿ ಹೊರಡಲು ಒದ್ದಾಡುತ್ತದೆ. ನಾನು ಅದಕ್ಕಿಂತ ಮೆತ್ತಗಿನ 2ನೇ ನಂಬರಿನದಕ್ಕೆ ಇಳಿದೆ. ಶ್ಯಾಕಲ್ ಬಿಚ್ಚುವವರು ಅದರ ಕಾಲಿನ ಬುಡದಲ್ಲಿ ಸಣ್ಣ ಉಬ್ಬು ಇದೆಯಾ ನೋಡಿ. ಇದ್ದರೆ ಎಡ ಥ್ರೆಡ್ಡು, ಉಲ್ಟಾ ತಿರುಗಿಸಿದರೆ ಬಿಚ್ಚುವುದು. ನಾನು ನೋಡದೆ ಒಂದು ಬುಶ್ ಕೆಡಿಸಿದೆ, ಮುನ್ನೂರು ಹೋಯಿತು. ಇಂಜಿನ್ನಿನ ತಿರುಗು ಚಕ್ರದ ಕಡೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಸ್ಲಿಪ್ ಜಾಯಿಂಟಿಗೆ, ಒಳಗೆ-ಹೊರಗೆ ಜಾರುವ ಕೀಲಿಗೆ, ಮಾತ್ರ ಆಸೆ ಬೇಡ, ಜಾಸ್ತಿ ತುಂಬಿದರೆ ಶಾಫ್ಟು ಒಳಗೆ ಸರಿಯಲು ಜಾಗವೇ ಇರುವುದಿಲ್ಲ.

ನಡುವೆ ಇನ್ನೊಂದು ಹುಚ್ಚು ಹತ್ತಿತು. ಲೀಫ್ ಸ್ಪ್ರಿಂಗಿನ ಪಟ್ಟಿಗಳಿಗೆ ಹೊರಗಿನಿಂದ ಗ್ರಾಫೈಟ್ ಗ್ರೀಸ್ ಬಳಿದೆ. ಒಂದು ವಾರ ರೇಷ್ಮೆ. ಆಮೇಲೆ ನಮ್ಮ ಕೆಂಪು ಧೂಳು ಅಂಟಿ ಉಪ್ಪುಕಾಗದ ಆಯಿತು. ಸೀಮೆಎಣ್ಣೆ ಸಿಗದೆ ಡೀಸೆಲ್ಲಿನಲ್ಲೇ ಎರಡು ಭಾನುವಾರ ತೊಳೆದೆ. ಸುಟ್ಟ ಇಂಜಿನ್ ಆಯಿಲ್ ಚಾಸಿಗೆ ಹೊಡೆದದ್ದೂ ಅಷ್ಟೇ. ತುಕ್ಕು ನಿಂತಿತು, ಸೈಲೆನ್ಸರಿನ ರಬ್ಬರ್ ಉಬ್ಬಿತು, ಪಕ್ಕದ ಮನೆಯವರ ರಂಗೋಲಿ ಮೇಲೆ ಕರಿ ಹನಿ.

ಎಲ್ಲ ಸೇರಿ ಎರಡೂವರೆ, ಹೆಚ್ಚೆಂದರೆ ಮೂರು ಸಾವಿರ ಆಗಿರಬಹುದು. ಮಿಸ್ತ್ರಿ ಮೊನ್ನೆ ಬಂದು ನಳಿಗೆ ಒಯ್ದ. ಡಬ್ಬಿಯಲ್ಲಿ ಏನಿದೆ ಅಂತ ಮೂಸಿಯೂ ನೋಡಿದ, ಗೊತ್ತಾಗಲಿಲ್ಲ. ಹಿಂದಿನ ಬಲಗಡೆಯ ಮೇಲಿನ ಬುಶ್ ಇನ್ನೂ ಅರ್ಧವೇ ಬಿಟ್ಟಿದೆ. ನಳಿಗೆ ವಾಪಸ್ ಬಂದ ದಿನ ಮತ್ತೆ ಹಂಡೆಗೆ ಉರಿ ಹಾಕಬೇಕು.